ಒಂದು ಸಾಲು ಕನ್ನಡಕ್ಕೆ 1,536 ಬೈಟ್: ಹಾಲಿನ ಡೇರಿ ಯಂತ್ರದಲ್ಲಿ ಇನ್‌ಪುಟ್ ಸ್ಟ್ರಕ್ಚರ್‌ಗಳನ್ನು ಚಿಕ್ಕದು ಮಾಡಿದ ಪ್ರಕರಣ

ಇದು ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದ ಕೆಲಸದ ವಿವರ. ತಂಡದಲ್ಲಿ ನಾವು ನಾಲ್ಕು ಜನ. ಹಳ್ಳಿಯ ಹಾಲಿನ ಡೇರಿಗಳಿಗೆ ಒಂದು ಪುಟ್ಟ ಯಂತ್ರ ಮಾಡಿಕೊಡುತ್ತೇವೆ. ಸಂಸ್ಥೆಯ ಹೆಸರು, ಊರಿನ ಹೆಸರು, ಡೇರಿಯ ಹೆಸರು ಇಲ್ಲಿ ಹೇಳುವುದಿಲ್ಲ. ಸದಸ್ಯರ ನಂಬರ್‌ಗಳನ್ನೂ ಬದಲಾಯಿಸಿದ್ದೇನೆ. ಮೆಮೊರಿಯ ಲೆಕ್ಕ ಮಾತ್ರ ಇದ್ದ ಹಾಗೇ ಇದೆ, ಯಾಕೆಂದರೆ ಕಲಿಯಬೇಕಾದದ್ದು ಅದರಲ್ಲೇ ಇದೆ.

ಹಿನ್ನೆಲೆ

ಬೆಳಗ್ಗೆ ಆರು ಗಂಟೆಗೆ ಯಾವುದಾದರೂ ಹಳ್ಳಿ ಡೇರಿ ಮುಂದೆ ನಿಂತು ನೋಡಿ. ಕ್ಯಾನು ಹಿಡಿದ ಸಾಲು ಬಾಗಿಲಿಂದ ಬೀದಿವರೆಗೂ ಇರುತ್ತದೆ. ಒಳಗೆ ಸೆಕ್ರೆಟರಿ ಸದಸ್ಯರ ನಂಬರ್ ಒತ್ತುತ್ತಾರೆ, ಅಥವಾ ಸದಸ್ಯರೇ ಕಾರ್ಡ್ ತೋರಿಸುತ್ತಾರೆ. ಹಾಲು ತಕ್ಕಡಿಗೆ ಹೋಗುತ್ತದೆ. ಸ್ಯಾಂಪಲ್ ಅನಲೈಸರ್‌ಗೆ ಹೋಗುತ್ತದೆ. ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಬರುತ್ತವೆ. ದರ ಲೆಕ್ಕ ಹಾಕಿ ಒಂದು ಚೀಟಿ ಹೊರಗೆ ಬರುತ್ತದೆ. ಒಬ್ಬರಿಗೆ ಅರ್ಧ ನಿಮಿಷವೂ ಹಿಡಿಯಬಾರದು. ಹಿಡಿದರೆ ಸಾಲಿನಲ್ಲಿ ಗೊಣಗಾಟ ಶುರುವಾಗುತ್ತದೆ, ಅದು ನ್ಯಾಯವೇ.

ನಮ್ಮ ಯಂತ್ರದ ಒಳಗಿರುವುದು ಎಸ್‌ಟಿಎಂ32ಎಫ್103ಸಿಬಿ ಚಿಪ್. 72 ಮೆಗಾಹರ್ಟ್ಸ್, 128 ಕೆಬಿ ಫ್ಲ್ಯಾಶ್, 20 ಕೆಬಿ ರ್ಯಾಮ್. ಅಂದರೆ ಕೋಡ್ ಇಡಲು ಜಾಗ ಸಾಕಷ್ಟಿದೆ, ಕೆಲಸ ಮಾಡುವಾಗ ಬೇಕಾಗುವ ಜಾಗ ಕಮ್ಮಿ. ಒಟ್ಟು 20,480 ಬೈಟ್. ಅದಕ್ಕೆ ನಾಲ್ಕು ಇನ್‌ಪುಟ್ ಡಿವೈಸ್‌ಗಳು ಸೇರುತ್ತವೆ: 20 ಕೀಗಳ ಕೀಪ್ಯಾಡ್, ಸೀರಿಯಲ್ ವೈರಿನಲ್ಲಿ ತಕ್ಕಡಿ, ಇನ್ನೊಂದು ಸೀರಿಯಲ್ ವೈರಿನಲ್ಲಿ ಮಿಲ್ಕ್ ಅನಲೈಸರ್, ಮತ್ತು ಎರಡು ವೈರಿನ ವೀಗಂಡ್ ಕಾರ್ಡ್ ರೀಡರ್.

ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ಚೀಟಿ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಒಂದು ದಿನ ನಾನೇ ಡೇರಿಯಲ್ಲಿದ್ದಾಗ ವಯಸ್ಸಾದ ಒಬ್ಬರು ಚೀಟಿಯನ್ನು ನನ್ನ ಕೈಗೆ ಕೊಟ್ಟು, "ಏನಪ್ಪಾ, ಇದು ನಂದೇನಾ ನೋಡು" ಅಂದರು. ಐವತ್ತು ವರ್ಷ ಹಾಲು ಕರೆದ ಕೈ. ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ತನ್ನ ಹಾಲಿನ ಲೆಕ್ಕ ತನ್ನದೇ ಹೌದಾ ಅಂತ ಬೇರೆಯವರನ್ನು ಕೇಳಬೇಕು. ಅವತ್ತೇ ಕನ್ನಡ ಚೀಟಿ ಮಾಡಲೇಬೇಕು ಅಂತ ತೀರ್ಮಾನವಾಯಿತು.

ಸಮಸ್ಯೆ

ಪ್ರಿಂಟರ್ 58 ಮಿಲಿಮೀಟರ್ ಕಾಗದದ ಥರ್ಮಲ್ ಪ್ರಿಂಟರ್. ಅಡ್ಡಕ್ಕೆ 384 ಚುಕ್ಕಿ, ಅಂದರೆ ಒಂದು ಗೆರೆಗೆ 48 ಬೈಟ್. ಅದರೊಳಗೆ ಕನ್ನಡ ಅಕ್ಷರ ಇಲ್ಲ. ಆದ್ದರಿಂದ ಸಾಲನ್ನು ಚಿತ್ರವಾಗಿಯೇ ಕಳಿಸಬೇಕು. ಇಂಗ್ಲಿಷಿಗೆ 24 ಗೆರೆ ಎತ್ತರ ಸಾಕು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಎರಡೂ ಬರಬೇಕು. "ಲಕ್ಷ್ಮಮ್ಮ" ಅಂತ 24 ಗೆರೆಯಲ್ಲಿ ಹೊಡೆದು ನೋಡಿದೆವು. ಒತ್ತುಗಳೆಲ್ಲ ಮಸಿ ಮೆತ್ತಿದ ಹಾಗೆ ಒಂದಾಗಿಬಿಟ್ಟವು. 32 ಗೆರೆಗೆ ಏರಿಸಿದಾಗ ಸ್ಪಷ್ಟವಾಯಿತು. 48 ಗುಣಿಸು 32, ಒಂದು ಸಾಲಿಗೆ 1,536 ಬೈಟ್.

ಹೆಸರುಗಳ ಚಿತ್ರವನ್ನು ಕಂಪ್ಯೂಟರಿನಲ್ಲೇ ಮಾಡಿ ಎಸ್‌ಡಿ ಕಾರ್ಡಿಗೆ ಹಾಕುವುದು ಅಂತ ಮಾಡಿದೆವು. ಒತ್ತಕ್ಷರ ಜೋಡಿಸುವ ಕೆಲಸ ಈ ಚಿಪ್‌ಗೆ ಬೇಡ. 1,536 ಬೈಟ್ ಅಂದರೆ ಎಸ್‌ಡಿ ಕಾರ್ಡಿನ 512 ಬೈಟಿನ ಸೆಕ್ಟರ್ ಸರಿಯಾಗಿ ಮೂರು, ಅದೂ ಅನುಕೂಲವಾಯಿತು. ಆದರೆ ಒಂದು ಸಾಲು ಪ್ರಿಂಟರ್‌ಗೆ ಹೋಗುತ್ತಿರುವಾಗಲೇ ಮುಂದಿನ ಸಾಲು ತಯಾರಾಗಬೇಕು. ಇಲ್ಲದಿದ್ದರೆ ಕಾಗದ ನಿಂತು ನಿಂತು ಸರಿದು ಅಕ್ಷರದ ನಡುವೆ ಬಿಳಿ ಗೆರೆ ಬೀಳುತ್ತದೆ. ಹಾಗಾಗಿ ಎರಡು ಬಫರ್ (ಸಾಲನ್ನು ತಾತ್ಕಾಲಿಕವಾಗಿ ಇಡುವ ಜಾಗ), 3,072 ಬೈಟ್ ರ್ಯಾಮ್ ಬೇಕು.

ನಮ್ಮ ಹತ್ತಿರ ಉಳಿದಿದ್ದದ್ದು 320.

ಮೊದಲು ಹಿಡಿದ ದಾರಿ

ನಾಚಿಕೆಯಿಲ್ಲದೆ ಹೇಳುತ್ತೇನೆ, ಮೊದಲು ಕೈ ಹಾಕಿದ್ದು ಸ್ಟ್ಯಾಕ್‌ಗೆ. ಫಂಕ್ಷನ್‌ಗಳು ಓಡುವಾಗ ತಾತ್ಕಾಲಿಕವಾಗಿ ಬಳಸುವ ರ್ಯಾಮ್ ಅದು. 2,048 ಬೈಟ್ ಇಟ್ಟಿದ್ದೆವು. ಅದನ್ನು 1,024 ಮಾಡಿ, ಪರೀಕ್ಷೆಗೆ ಒಂದೇ ಬಫರ್‌ನಲ್ಲಿ ಚೀಟಿ ಹೊಡೆಯಲು ನೋಡಿದೆವು. ಸದಸ್ಯರ ಪಟ್ಟಿಯನ್ನೂ ಸ್ವಲ್ಪ ಕತ್ತರಿಸಿದೆವು. ಆಫೀಸಿನಲ್ಲಿ ಎರಡು ದಿನ ನಡೆಯಿತು. ಮೂರನೇ ದಿನ ಎಸ್‌ಡಿ ಕಾರ್ಡಿಗೆ ಬರೆಯುವ ಹೊತ್ತಿಗೇ ತಕ್ಕಡಿಯ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಚಿಪ್‌ನ ಗಮನ ಸೆಳೆಯುವ ಕರೆ), ಅದರ ಮೇಲೆ ಟೈಮರ್ ಇಂಟರಪ್ಟ್ ಒಟ್ಟಿಗೆ ಬಂದು ಯಂತ್ರ ರೀಸೆಟ್ ಆಯಿತು.

ಈ ಚಿಪ್‌ನಲ್ಲಿ ಪ್ರತಿ ಇಂಟರಪ್ಟ್ ಬಂದಾಗಲೂ ಹಾರ್ಡ್‌ವೇರೇ ಎಂಟು ರಿಜಿಸ್ಟರ್‌ಗಳನ್ನು, ಅಂದರೆ 32 ಬೈಟನ್ನು ಸ್ಟ್ಯಾಕಿಗೆ ತಳ್ಳುತ್ತದೆ. ಅದರ ಮೇಲೆ ನಮ್ಮ ಫಂಕ್ಷನ್‌ಗಳ ಪಾಲು. ಸ್ಟ್ಯಾಕ್ ಪೂರ್ತಿ ಒಂದೇ ಗುರುತಿನ ಬೈಟ್ ತುಂಬಿಸಿ, ಒಂದು ದಿನ ಓಡಿಸಿ, ಎಷ್ಟು ಅಳಿಸಿಹೋಗಿದೆ ಅಂತ ನೋಡಿದಾಗ ಜಾಸ್ತಿ ಅಂದರೆ 1,200 ಬೈಟ್‌ವರೆಗೆ ಹೋಗಿತ್ತು. ಈ ಅಳತೆಯನ್ನು ಮೊದಲೇ ಮಾಡಿದ್ದರೆ ಮೂರು ದಿನ ಉಳಿಯುತ್ತಿತ್ತು. ಸ್ಟ್ಯಾಕ್ ಮತ್ತೆ 2,048ಕ್ಕೆ ಹೋಯಿತು.

ದೊಡ್ಡ ಚಿಪ್ ಹಾಕುವ ಮಾತೂ ಬಂತು. ಎಫ್103 ಸಾಲಿನಲ್ಲೇ 48 ಕೆಬಿ ರ್ಯಾಮ್ ಇರುವ ಚಿಪ್ ಇದೆ, ಆದರೆ ಅದು 64 ಪಿನ್ನಿನದು. ನಮ್ಮ ಬೋರ್ಡ್ 48 ಪಿನ್ನಿನದು. ಹೊಸ ಬೋರ್ಡ್ ಮಾಡಿದರೆ ಈಗಾಗಲೇ ಡೇರಿಗಳಲ್ಲಿ ಇರುವ ಯಂತ್ರಗಳಿಗೆ ಕನ್ನಡ ಚೀಟಿ ಸಿಗುವುದೇ ಇಲ್ಲ. ಚೀಟಿ ಕೇಳಿದವರು ಆ ಯಂತ್ರಗಳ ಮುಂದೆ ನಿಂತವರೇ. ಅವರನ್ನು ಬಿಟ್ಟು ಹೊಸಬರಿಗೆ ಮಾಡುವುದು ನನಗಂತೂ ಒಪ್ಪಿಗೆಯಾಗಲಿಲ್ಲ. ಇರುವ 20 ಕೆಬಿಯಲ್ಲೇ ಆಗಬೇಕು ಅಂತ ನಿಂತೆವು.

ಮ್ಯಾಪ್ ಫೈಲ್ ತೆರೆದಾಗ

ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿ ಒಬ್ಬಳು ಒಂದು ಸರಳ ಪ್ರಶ್ನೆ ಕೇಳಿದಳು: "ಸಾರ್, ರ್ಯಾಮ್ ಎಲ್ಲಿ ಹೋಗ್ತಿದೆ ಅಂತ ನೋಡಿದೀರಾ?" ನಾವು ಊಹೆಯಲ್ಲೇ ಇದ್ದೆವು. ಎಲ್ಲರ ಅನುಮಾನ ಸದಸ್ಯರ ಪಟ್ಟಿಯ ಮೇಲೆ ಮತ್ತು ಫೈಲ್ ಸಿಸ್ಟಮ್ ಮೇಲೆ ಇತ್ತು. ಅವಳು ಯಾವುದಕ್ಕೆ ಎಷ್ಟು ಜಾಗ ಅಂತ ಲಿಂಕರ್ ಬರೆದುಕೊಡುವ ಮ್ಯಾಪ್ ಫೈಲ್ ತೆರೆದು, ದೊಡ್ಡದು ಮೇಲೆ ಬರುವ ಹಾಗೆ ಜೋಡಿಸಿ ಗೋಡೆಗೆ ಅಂಟಿಸಿದಳು.

ಸದಸ್ಯರ ಪಟ್ಟಿ 4,800. ಸ್ಟ್ಯಾಕ್ 2,048. ಸೀರಿಯಲ್ ಬಫರ್‌ಗಳು 1,280. ಫೈಲ್ ಸಿಸ್ಟಮ್ 1,120. ಡಿಸ್‌ಪ್ಲೇ 1,024. ಚಿಲ್ಲರೆ 800. ಇವೆಲ್ಲಕ್ಕಿಂತ ಮೇಲೆ, ಒಂದೇ ಸಾಲಿನಲ್ಲಿ: ಇನ್‌ಪುಟ್ ಡಿವೈಸ್‌ಗಳು, 9,088 ಬೈಟ್. ಒಟ್ಟು ರ್ಯಾಮಿನ ಶೇ. 44. ನಾಲ್ಕು ಡಿವೈಸಿಗೆ!

ಒಂದೊಂದಕ್ಕೆ ಒಂದು ಸ್ಟ್ರಕ್ಚರ್ (ಡಿವೈಸಿನ ಮಾಹಿತಿಯನ್ನೆಲ್ಲ ಒಟ್ಟಿಗೆ ಇಡುವ ಕಟ್ಟು), 2,272 ಬೈಟ್. ಅದರ ಒಳಗೆ ಹೀಗಿತ್ತು. ಹೆಸರಿಗೆ 32, ಎಲ್ಲಿ ಸೇರಿದೆ ಅನ್ನುವುದಕ್ಕೆ 32. 256 ಕೀಗಳ ಸ್ಥಿತಿಗೆ ಒಂದೊಂದು ಬೈಟಿನಂತೆ 256. ಪ್ರತಿ ಕೀ ಯಾವಾಗ ಒತ್ತಿದ್ದು ಅನ್ನುವುದಕ್ಕೆ ನಾಲ್ಕು ನಾಲ್ಕು ಬೈಟಿನಂತೆ 1,024. ಹದಿನಾರು ಅಕ್ಷಗಳ (ಜಾಯ್‌ಸ್ಟಿಕ್‌ನ ಹಾಗೆ ಏರಿಳಿಯುವ ಮೌಲ್ಯ ಕೊಡುವ ಇನ್‌ಪುಟ್‌ಗಳ) ಮಾಹಿತಿಗೆ 384. 32 ಈವೆಂಟ್‌ಗಳ (ಕೀ ಒತ್ತಿದ್ದು, ತೂಕ ಬಂದದ್ದು ಇಂಥವುಗಳ) ಕ್ಯೂ, ಒಂದಕ್ಕೆ 16 ಬೈಟಿನಂತೆ 512. ಫಂಕ್ಷನ್ ಪಾಯಿಂಟರ್‌ಗಳು 16, ಉಳಿದದ್ದು 16.

ತಕ್ಕಡಿಯಲ್ಲಿ ಒಂದೂ ಕೀ ಇಲ್ಲ. ಆದರೂ ಅದರ ಪಾಲಿಗೆ 256 ಕೀಗಳ ಜಾಗ. ಕೀಪ್ಯಾಡಿಗೆ ಒಂದೂ ಅಕ್ಷ ಇಲ್ಲ. ಆದರೂ ಹದಿನಾರು ಅಕ್ಷ.

ಇದನ್ನು ಬರೆದವರು ನಮ್ಮಲ್ಲೇ ಹಿರಿಯರು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಲಿನಕ್ಸ್ ಡ್ರೈವರ್ ಬರೆದವರು. ಅವರು ಪಟ್ಟಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾನು ಬರೀವಾಗ ಲಿನಕ್ಸ್ ತಲೇಲಿತ್ತು ಕಣಮ್ಮ. ಅಲ್ಲಿ ನಾಳೆ ಯಾವ ಡಿವೈಸ್ ಚುಚ್ಚುತ್ತಾರೋ ಗೊತ್ತಿರಲ್ಲ. ಇಲ್ಲಿ ನಾಲ್ಕೂ ಗೊತ್ತಿದೆ ಅಲ್ವಾ." ಇಡೀ ಕೆಲಸದ ತಿರುವು ಈ ಮಾತೇ. ಏನು ಬರುತ್ತದೋ ಗೊತ್ತಿಲ್ಲದ ಕಡೆ ಎಲ್ಲಕ್ಕೂ ಜಾಗ ಇಡಬೇಕು. ಗೊತ್ತಿರುವ ಕಡೆ ಆ ಜಾಗ ಸುಮ್ನೆ ಖಾಲಿ ಬಿದ್ದಿರುತ್ತದೆ.

ಅವರೇ ಲಿನಕ್ಸ್‌ನ ಹಳೆಯ ಕಥೆಯನ್ನೂ ಹೇಳಿದರು. ಅಲ್ಲೂ ಒಂದು ಕಾಲಕ್ಕೆ ಪ್ರತಿ ಇನ್‌ಪುಟ್ ಡಿವೈಸಿನ ಸ್ಟ್ರಕ್ಚರ್ ಒಳಗೇ 64 ಅಕ್ಷಗಳಿಗೆ ಜಾಗ ಇತ್ತು. ಪ್ರತಿ ಅಕ್ಷಕ್ಕೆ ಆರು ಸಂಖ್ಯೆ: ಈಗಿನ ಮೌಲ್ಯ, ಕನಿಷ್ಠ, ಗರಿಷ್ಠ, ಫಜ್, ಫ್ಲ್ಯಾಟ್, ರೆಸಲ್ಯೂಷನ್. ತಲಾ ನಾಲ್ಕು ಬೈಟ್. 64 ಗುಣಿಸು 24, ಅಂದರೆ 1,536. ನಮ್ಮ ಒಂದು ಸಾಲು ಕನ್ನಡಕ್ಕೆ ಬೇಕಾದಷ್ಟೇ! ಅಕ್ಷವೇ ಇಲ್ಲದ ಕೀಬೋರ್ಡು, ಒಂದೇ ಗುಂಡಿಯ ಪವರ್ ಬಟನ್ನು ಕೂಡ ಇದನ್ನು ಹೊತ್ತುಕೊಂಡು ಓಡಾಡುತ್ತಿದ್ದವು. 2010ರಲ್ಲಿ, 2.6.36 ಆವೃತ್ತಿಯ ಹೊತ್ತಿಗೆ, ಅದನ್ನು ಹೊರಗೆ ತೆಗೆದು ಬರೀ ಒಂದು ಪಾಯಿಂಟರ್ ಇಟ್ಟರು. ಅಕ್ಷ ಇರುವ ಡಿವೈಸ್ ಮಾತ್ರ ಜಾಗ ಪಡೆದುಕೊಳ್ಳುತ್ತದೆ. ಕೀಗಳ ವಿಷಯದಲ್ಲಿ ಲಿನಕ್ಸ್ ಮೊದಲಿಂದಲೂ ಜಾಣ. ಒಂದು ಕೀಗೆ ಒಂದು ಬಿಟ್. 768 ಕೀಗೆ 96 ಬೈಟ್ ಸಾಕು. ನಮ್ಮ ಕೋಡಿನಲ್ಲಿ 256 ಕೀಗೆ 256 ಬೈಟ್ ಇತ್ತು.

ಏನು ಮಾಡಿದೆವು

ಬದಲಾಗದ್ದನ್ನೆಲ್ಲ ಫ್ಲ್ಯಾಶಿಗೆ ಕಳಿಸಿದೆವು. ಡಿವೈಸಿನ ಹೆಸರು, ಫಂಕ್ಷನ್ ಪಾಯಿಂಟರ್‌ಗಳು, ತಕ್ಕಡಿಯ ಕನಿಷ್ಠ ಗರಿಷ್ಠ, ಇವು ಯಂತ್ರ ಓಡುವಾಗ ಎಂದೂ ಬದಲಾಗುವುದಿಲ್ಲ. ಅವೆಲ್ಲ ಕಾನ್ಸ್ಟ್ ಆಗಿ ಫ್ಲ್ಯಾಶಿನಲ್ಲಿ ಕೂತವು. ರ್ಯಾಮಿನಲ್ಲಿ ಅದರ ಕಡೆ ಕೈ ತೋರಿಸುವ ನಾಲ್ಕು ಬೈಟಿನ ಪಾಯಿಂಟರ್ ಒಂದೇ ಉಳಿಯಿತು. ಮಾಲಕ್ ಮಾಡಿ ಬೇಕಾದಾಗ ಜಾಗ ಪಡೆಯುವ ಲಿನಕ್ಸ್ ದಾರಿ ನಮಗೆ ಬೇಡ ಅನಿಸಿತು. 20 ಕೆಬಿಯಲ್ಲಿ ಜಾಗ ಚೂರು ಚೂರಾದರೆ ಮತ್ತೆ ಒಂದುಗೂಡುವುದಿಲ್ಲ. ನಾಲ್ಕೂ ಡಿವೈಸಿಗೆ ನಾಲ್ಕು ಬೇರೆ ಬೇರೆ ಸ್ಟ್ರಕ್ಚರ್ ಮಾಡಿ ಕಂಪೈಲ್ ಹೊತ್ತಿನಲ್ಲೇ ಜಾಗ ಗೊತ್ತು ಮಾಡಿದೆವು.

ಕೀಪ್ಯಾಡಿನ 20 ಕೀಗಳ ಸ್ಥಿತಿ ಒಂದು 32 ಬಿಟ್ಟಿನ ಪದದಲ್ಲಿ (ಚಿಪ್ ಒಟ್ಟಿಗೆ ಓದಿ ಬರೆಯುವ ನಾಲ್ಕು ಬೈಟ್) ಹಿಡಿಸಿತು. ದೊಡ್ಡ ಉಳಿತಾಯ ಸಿಕ್ಕಿದ್ದು ಆ 1,024 ಬೈಟಿನ ಸಮಯದ ಪಟ್ಟಿಯಲ್ಲಿ. ಅದು ಇದ್ದದ್ದು ಕೀ ಒತ್ತಿದಾಗ ಆಗುವ ಅದುರಾಟ ಸೋಸಲಿಕ್ಕೆ. ಕೀ ಒತ್ತಿದ ಕೂಡಲೇ ಲೋಹ ಕೆಲವು ಮಿಲಿಸೆಕೆಂಡ್ ಅದುರಿ, ಒಂದು ಒತ್ತು ನಾಲ್ಕೈದಾಗಿ ಕಾಣುತ್ತದೆ. ಅದಕ್ಕೆ ಪ್ರತಿ ಕೀಗೂ ಒಂದು ಗಡಿಯಾರ ಬೇಕಿಲ್ಲ. ನಾಲ್ಕು ಸಲ ಒಂದೇ ಸ್ಥಿತಿ ಕಂಡರೆ ನಂಬು, ಅಷ್ಟೇ. ನಾಲ್ಕರವರೆಗೆ ಎಣಿಸಲು ಎರಡು ಬಿಟ್ ಸಾಕು. ಎಲ್ಲ ಕೀಗಳ ಮೊದಲ ಬಿಟ್ ಒಂದು ಪದದಲ್ಲಿ, ಎರಡನೇ ಬಿಟ್ ಇನ್ನೊಂದು ಪದದಲ್ಲಿ. ನಾಲ್ಕೈದು ತಾರ್ಕಿಕ ಸೂಚನೆಗಳಲ್ಲಿ 20 ಕೀಗಳ ಎಣಿಕೆಯೂ ಒಟ್ಟಿಗೇ ಮುಂದೆ ಹೋಗುತ್ತದೆ. 1,024 ಬೈಟ್ ಇದ್ದ ಕಡೆ 8 ಬೈಟ್. ಇದನ್ನು ಮೊದಲ ಸಲ ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಲೆಕ್ಕವನ್ನು ಅಡ್ಡಕ್ಕೆ ಇಡುವ ಬದಲು ಉದ್ದಕ್ಕೆ ಇಟ್ಟಿದ್ದು, ಬೇರೇನೂ ಅಲ್ಲ.

ಈವೆಂಟಿನ ಸ್ಟ್ರಕ್ಚರ್ ಕೂಡ ಇಳಿಯಿತು. ಎಂಟು ಬೈಟಿನ ಸಮಯದ ಬದಲು 16 ಬಿಟ್ಟಿನ ಮಿಲಿಸೆಕೆಂಡ್. ಅದು 65 ಸೆಕೆಂಡಿಗೊಮ್ಮೆ ಸುತ್ತಿ ಸೊನ್ನೆಗೆ ಬರುತ್ತದೆ, ಆದರೆ ನಾವು ನೋಡುವುದು ಎರಡು ಒತ್ತುಗಳ ನಡುವಿನ ಅಂತರ ಮಾತ್ರ. ಇಲ್ಲೊಂದು ಸಣ್ಣ ಪಾಠ ಸಿಕ್ಕಿತು. ಹೊಸ ಹುಡುಗಿ ಮೊದಲು ಬರೆದ ಕ್ರಮ ಹೀಗಿತ್ತು: ಡಿವೈಸ್ ಒಂದು ಬೈಟ್, ಮೌಲ್ಯ ನಾಲ್ಕು ಬೈಟ್, ಕೋಡ್ ಒಂದು ಬೈಟ್, ಸಮಯ ಎರಡು ಬೈಟ್. ಕೂಡಿದರೆ ಎಂಟು. ಸೈಜ್‌ಆಫ್ ಕೇಳಿದರೆ ಹನ್ನೆರಡು! ನಾಲ್ಕು ಬೈಟಿನ ಮೌಲ್ಯ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಕೂರಬೇಕು ಅಂತ ಕಂಪೈಲರ್ ಮಧ್ಯೆ ಮೂರು ಬೈಟ್ ಖಾಲಿ ಬಿಟ್ಟಿತ್ತು, ಕೋಡ್ ಆದಮೇಲೆ ಇನ್ನೊಂದು. ಮೌಲ್ಯ, ಸಮಯ, ಡಿವೈಸ್, ಕೋಡ್ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಕೂಡಲೇ ಎಂಟಾಯಿತು. ಮಧ್ಯೆ ಖಾಲಿ ಬಿಡಬೇಡ ಅಂತ ಹೇಳುವ ಪ್ಯಾಕ್ಡ್ ಹಾಕಿದರೂ ಎಂಟಾಗುತ್ತಿತ್ತು. ಆದರೆ ಆಗ ಮೌಲ್ಯ ಬೆಸ ವಿಳಾಸದಲ್ಲಿ ಕೂರುತ್ತದೆ. ಈ ಚಿಪ್ ಹೆಚ್ಚಾಗಿ ಸಹಿಸುತ್ತದೆ. ನಾಳೆ ಕಾರ್ಟೆಕ್ಸ್ ಎಂ0 ಚಿಪ್‌ಗೆ ಹೋದರೆ, ಯಾರಾದರೂ ಆ ಮೌಲ್ಯವನ್ನು ಸಾಮಾನ್ಯ ಪಾಯಿಂಟರ್ ಮೂಲಕ ಓದಿದ ಕೂಡಲೇ ಹಾರ್ಡ್ ಫಾಲ್ಟ್ ಆಗಿ ಯಂತ್ರ ನಿಲ್ಲುತ್ತದೆ. ಹಾಗಾಗಿ ಬೇಡ ಅಂದೆವು.

ನಾಲ್ಕು ಕ್ಯೂಗಳ ಬದಲು ಎಲ್ಲಕ್ಕೂ ಸೇರಿ 32 ಈವೆಂಟಿನ ಒಂದೇ ಕ್ಯೂ ಮಾಡಿದೆವು. 2,048 ಇದ್ದದ್ದು 256 ಆಯಿತು. ಎಲ್ಲರಿಗೂ ಸಮಾಧಾನ. ಆ ಸಮಾಧಾನ ಸಂಜೆವರೆಗೆ ಇತ್ತು.

ಒಂದೇ ಕ್ಯೂ ತಂದ ತೊಂದರೆ

ಪರೀಕ್ಷೆ ಮಾಡುವಾಗ ಚೀಟಿ ಹೊರಗೆ ಬರುತ್ತಿದ್ದ ಹೊತ್ತಲ್ಲಿ ಮುಂದಿನ ನಂಬರ್ ಒತ್ತಿದರೆ ಕೆಲವು ಸಲ ಕೊನೆಯ ಅಂಕಿ ಮಾಯ. ಕಾರಣ ಬೇಗ ಗೊತ್ತಾಯಿತು. ತಕ್ಕಡಿ ಸೆಕೆಂಡಿಗೆ ಹತ್ತು ಸಲ ತೂಕ ಕಳಿಸುತ್ತದೆ. ಆಗಿನ ಕೋಡಿನಲ್ಲಿ ಪ್ರಿಂಟ್ ಆಗುವ ಮೂರು ಸೆಕೆಂಡ್ ಮುಖ್ಯ ಲೂಪ್ (ಎಲ್ಲ ಕೆಲಸವನ್ನೂ ಸುತ್ತಿ ಸುತ್ತಿ ಮಾಡುವ ಕೋಡ್) ನಿಂತೇ ಇರುತ್ತಿತ್ತು. ಮೂವತ್ತು ತೂಕಗಳು ಬಂದು 32ರ ಕ್ಯೂ ಹೆಚ್ಚುಕಮ್ಮಿ ತುಂಬಿತು. ಕೊನೆಯ ಕೀ ಬಂದಾಗ ಜಾಗ ಇಲ್ಲ. ಮೊದಲು ತಕ್ಕಡಿಯ ಕ್ಯೂ ತುಂಬಿದರೆ ತಕ್ಕಡಿಗೆ ಮಾತ್ರ ನಷ್ಟ. ಈಗ ಒಬ್ಬರ ಗಲಾಟೆಗೆ ಇನ್ನೊಬ್ಬರು ಬಲಿ.

ಕ್ಯೂ ದೊಡ್ಡದು ಮಾಡೋಣ ಅನ್ನುವುದು ಮೊದಲ ಯೋಚನೆ. ಹಿರಿಯರು ಬೇರೆ ದಾರಿ ತೋರಿಸಿದರು. ಕೀ ಒತ್ತು ಒಂದು ಘಟನೆ, ಅದರಲ್ಲಿ ಒಂದೂ ಕಳೆಯಬಾರದು. ತೂಕ ಹಾಗಲ್ಲ. ಮೂರು ಸೆಕೆಂಡಿನ ಹಿಂದಿನ ತೂಕ ಯಾರಿಗೂ ಬೇಡ, ಈಗಿನದು ಮಾತ್ರ ಬೇಕು. ಹಾಗಿದ್ದಮೇಲೆ ತೂಕವನ್ನು ಕ್ಯೂನಲ್ಲಿ ಹಾಕುವುದೇ ತಪ್ಪು. ಹೊಸ ತೂಕ ಹಳೆಯದರ ಮೇಲೇ ಕೂರಲಿ, "ಬದಲಾಗಿದೆ" ಅನ್ನುವ ಒಂದು ಬಿಟ್ ಏಳಲಿ. ಅನಲೈಸರಿಗೂ ಹಾಗೇ. ಕ್ಯೂ ಈಗ ಕೀ ಮತ್ತು ಕಾರ್ಡಿಗೆ ಮಾತ್ರ. 16 ಈವೆಂಟ್ ಸಾಕಾಯಿತು, 128 ಬೈಟ್. ಅದರ ಜೊತೆಗೆ ಲಿನಕ್ಸ್‌ನಿಂದ ಒಂದು ಪದ್ಧತಿ ತೆಗೆದುಕೊಂಡೆವು. ಅಲ್ಲಿ ಓದುವವರ ಕ್ಯೂ ತುಂಬಿಹೋದರೆ "ಕೆಲವು ಕಳೆದಿವೆ" ಅಂತ ಒಂದು ವಿಶೇಷ ಈವೆಂಟ್ ಬರುತ್ತದೆ. ನಮ್ಮಲ್ಲಿ ಹಾಗಾದರೆ ಅಲ್ಲಿಯವರೆಗೆ ಒತ್ತಿದ ನಂಬರ್ ಅಳಿಸಿ, ಬೀಪ್ ಹೊಡೆದು, ಮತ್ತೆ ಒತ್ತಲು ಹೇಳುತ್ತದೆ. ತಪ್ಪು ನಂಬರಿಗಿಂತ ಎರಡು ಸಲ ಒತ್ತುವುದು ವಾಸಿ.

ಎಲ್ಲ ಸೇರಿ ಲೆಕ್ಕ ಹಾಕಿದೆವು. ಕೀಪ್ಯಾಡ್ 24, ತಕ್ಕಡಿ 12, ಅನಲೈಸರ್ 16, ಕಾರ್ಡ್ ರೀಡರ್ 12. ಒಟ್ಟು 64 ಬೈಟ್. ಕ್ಯೂ ಸೇರಿ 192. ಮೊದಲಿದ್ದದ್ದು 9,088.

ಆರು ಡೇರಿಗಳಿಗೆ ಹೊಸ ಕೋಡ್ ಹಾಕಿದೆವು. ಕನ್ನಡ ಚೀಟಿ ಹೊರಗೆ ಬಂತು.

224 ಮತ್ತು 24

ಒಂಬತ್ತನೇ ದಿನ ಬೆಳಗ್ಗೆ ಒಂದು ಡೇರಿಯ ಸೆಕ್ರೆಟರಿ ಫೋನ್ ಮಾಡಿದರು. "ಸಾರ್, 24ನೇ ನಂಬರಿಗೆ ನಿನ್ನೆ ಸಂಜೆ ಐದೂವರೆ ಲೀಟರ್ ಬಿದ್ದಿದೆ. ಅವರ ಹಸು ಬತ್ತಿ ಒಂದು ತಿಂಗಳಾಯ್ತು."

ಹುಡುಕಿದಾಗ ಆ ಹಾಲು 224ನೇ ನಂಬರಿನವರದು. ಒಂದು ಎರಡು ಕಳೆದುಹೋಗಿತ್ತು. ಸಾಲು ಉದ್ದ ಇತ್ತು, ಸೆಕ್ರೆಟರಿ ಪರದೆ ನೋಡದೆ ಓಕೆ ಒತ್ತಿದ್ದರು. 24ರವರ ಹಸು ಹಾಲು ಕೊಡುತ್ತಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಹದಿನೈದು ದಿನದ ಬಟವಾಡೆಯಲ್ಲಿ ಒಬ್ಬರಿಗೆ ಕಮ್ಮಿ, ಇನ್ನೊಬ್ಬರಿಗೆ ಜಾಸ್ತಿ ಹೋಗುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಕೀಪ್ಯಾಡಿನ ರಬ್ಬರ್ ಸವೆದಿದೆ ಅಂದುಕೊಂಡೆವು. ಬದಲಾಯಿಸಿದೆವು. ಎರಡು ದಿನ ಬಿಟ್ಟು ಮತ್ತೆ ಅದೇ. ಆಗ ನಾನು ಬೆಳಗ್ಗೆ ಐದೂವರೆಗೆ ಹೋಗಿ ಸೆಕ್ರೆಟರಿ ಪಕ್ಕದಲ್ಲಿ ಕೂತೆ. ಅವರ ಬೆರಳು ನೋಡುತ್ತಲೇ ಇದ್ದೆ. ಒತ್ತು ಸರಿಯಾಗಿಯೇ ಬೀಳುತ್ತಿತ್ತು. ಹೋಗುವ ಮುಂಚೆ ಕೋಡಿನಲ್ಲಿ ಎರಡು ಎಣಿಕೆ ಸೇರಿಸಿದ್ದೆವು, ಒಂದೊಂದು ಎರಡು ಬೈಟ್. ಇಂಟರಪ್ಟ್ ಒಪ್ಪಿಕೊಂಡ ಒತ್ತುಗಳು ಎಷ್ಟು, ಮುಖ್ಯ ಲೂಪಿಗೆ ಸಿಕ್ಕ ಒತ್ತುಗಳು ಎಷ್ಟು. ಎಂಟೂವರೆಗೆ ಸಾಲು ಮುಗಿದಾಗ ನೋಡಿದರೆ ಮೊದಲನೆಯದು 512, ಎರಡನೆಯದು 510.

ಕೀಪ್ಯಾಡ್ ತಪ್ಪಿಲ್ಲ, ಬೆರಳು ತಪ್ಪಿಲ್ಲ. ನಮ್ಮ ಕೋಡಿನ ಒಳಗೇ ಎರಡು ಒತ್ತು ಕಳೆದಿವೆ.

ಅಲ್ಲಿಂದಲೇ ಆಫೀಸಿಗೆ ಫೋನ್ ಮಾಡಿ ಆರೂ ಡೇರಿಗೆ ಹಳೆಯ ಕೋಡ್ ವಾಪಸ್ ಹಾಕಿಸಲು ಹೇಳಿದೆ. ಸಂಜೆಯ ಹಾಲಿಗೆ ಮುಂಚೆ ಆಗಬೇಕು ಅಂದೆ. ಕನ್ನಡ ಚೀಟಿ ನಿಂತಿದ್ದಕ್ಕೆ ಬೇಸರ ಪಟ್ಟವರಿದ್ದರು. ಆದರೂ ಈ ತೀರ್ಮಾನದ ಬಗ್ಗೆ ನನಗೆ ಇವತ್ತಿಗೂ ಅನುಮಾನವಿಲ್ಲ. ಕಾರಣ ಗೊತ್ತಿಲ್ಲದೆ ಜನರ ಹಾಲಿನ ಲೆಕ್ಕದ ಮೇಲೆ ಪ್ರಯೋಗ ಮಾಡಬಾರದು. ಆರೂ ಡೇರಿಯ ಆ ದಿನಗಳ ದಾಖಲೆಯನ್ನು ಸೆಕ್ರೆಟರಿಗಳ ಜೊತೆ ಕೂತು ಒಂದೊಂದೇ ನೋಡಿ, ಬಟವಾಡೆಗೆ ಮುಂಚೆ ತಿದ್ದಿಸಿದೆವು.

ಕಾರಣ ಸಿಕ್ಕಿದ್ದು ಮರುದಿನ. ಕೀಪ್ಯಾಡಿನ "ಬದಲಾಗಿದೆ" ಬಿಟ್‌ಗಳೆಲ್ಲ ಈಗ ಒಂದೇ ಪದದಲ್ಲಿವೆ. ಟೈಮರ್ ಇಂಟರಪ್ಟ್ 5 ಮಿಲಿಸೆಕೆಂಡಿಗೊಮ್ಮೆ ಬಂದು ಒಂದು ಬಿಟ್ ಏರಿಸುತ್ತದೆ. ಮುಖ್ಯ ಲೂಪ್ ತಾನು ನೋಡಿದ ಬಿಟ್ ಇಳಿಸುತ್ತದೆ. ಇಳಿಸುವುದು ಒಂದೇ ಸಾಲಿನ ಸಿ ಕೋಡ್, ಆದರೆ ಚಿಪ್‌ಗೆ ಅದು ಮೂರು ಹೆಜ್ಜೆ: ಪದ ಓದು, ಬಿಟ್ ಅಳಿಸು, ಪದ ವಾಪಸ್ ಬರೆ. ಓದಿದ ಮೇಲೆ, ಬರೆಯುವ ಮುಂಚೆ ಇಂಟರಪ್ಟ್ ಬಂದು ಹೊಸ ಬಿಟ್ ಏರಿಸಿದರೆ, ವಾಪಸ್ ಬರೆಯುವ ಹಳೆಯ ಪದ ಅದನ್ನು ಅಳಿಸಿಬಿಡುತ್ತದೆ. ಹಿಂದೆ ಒಂದು ಕೀಗೆ ಒಂದು ಬೈಟ್ ಇದ್ದಾಗ ಈ ಜಗಳವೇ ಇರಲಿಲ್ಲ. ಒಬ್ಬರ ಬೈಟನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಆ ಸಂದು ನಾಲ್ಕು ಸೈಕಲ್ (ಚಿಪ್‌ನ ಗಡಿಯಾರದ ಬಡಿತ) ಅಷ್ಟೇ. ಇಷ್ಟು ಸಣ್ಣ ಸಂದಿನಲ್ಲಿ ದಿನಕ್ಕೆ ಒಂದೆರಡು ಸಲ ಹೇಗೆ ಸಿಕ್ಕಿಬೀಳುತ್ತದೆ? ಇಲ್ಲೇ ನಮ್ಮ ಎರಡನೇ ತಪ್ಪು. ಮುಖ್ಯ ಲೂಪ್ ಸೆಕೆಂಡಿಗೆ ಸುಮಾರು 50 ಸಾವಿರ ಸಲ ಸುತ್ತುತ್ತದೆ. ಬಿಟ್ ಏರಿದ್ದರೂ ಇಲ್ಲದಿದ್ದರೂ ಪ್ರತಿ ಸುತ್ತಿನಲ್ಲೂ ಆ ಪದವನ್ನು ಓದಿ ವಾಪಸ್ ಬರೆಯುತ್ತಿತ್ತು. 50 ಸಾವಿರ ಗುಣಿಸು ನಾಲ್ಕು, ಎರಡು ಲಕ್ಷ ಸೈಕಲ್. ಸೆಕೆಂಡಿಗೆ ಇರುವುದು 7.2 ಕೋಟಿ. ಅಂದರೆ ಸಾವಿರ ಒತ್ತಿಗೆ ಹೆಚ್ಚುಕಮ್ಮಿ ಮೂರು ಕಳೆಯಬೇಕು. ಹಾರ್ಡ್‌ವೇರ್ ನೋಡಿಕೊಳ್ಳುವ ಗೆಳೆಯರು ಇನ್ನೊಂದು ಬೋರ್ಡನ್ನೇ ಬೆರಳಿನಂತೆ ಕೀಪ್ಯಾಡಿನ ವೈರುಗಳಿಗೆ ಕಟ್ಟಿ ರಾತ್ರಿಯೆಲ್ಲ ಹತ್ತು ಸಾವಿರ ಸಲ ಒತ್ತಿಸಿದರು. 27 ಕಳೆದಿದ್ದವು. ಲೆಕ್ಕ ಮತ್ತು ಯಂತ್ರ ಒಂದೇ ಮಾತು ಹೇಳಿದ್ದು ಕಂಡಾಗ ಮನಸ್ಸು ಹಗುರಾಯಿತು.

ಸರಿ ಮಾಡಲು ಎರಡು ದಾರಿ ಇತ್ತು. ಕಾರ್ಟೆಕ್ಸ್ ಎಂ3ರಲ್ಲಿ ಬಿಟ್ ಬ್ಯಾಂಡಿಂಗ್ ಅಂತ ಒಂದು ಸೌಲಭ್ಯ ಇದೆ. ರ್ಯಾಮಿನ ಪ್ರತಿ ಬಿಟ್ಟಿಗೂ ಬೇರೆ ಒಂದು ವಿಳಾಸ, ಅಲ್ಲಿ ಬರೆದರೆ ಆ ಬಿಟ್ ಒಂದೇ ಬದಲಾಗುತ್ತದೆ, ಮಧ್ಯೆ ಯಾರೂ ತೂರುವಂತಿಲ್ಲ. ಚಂದದ ದಾರಿ. ಆದರೆ ಎಂ0, ಎಂ7 ಚಿಪ್‌ಗಳಲ್ಲಿ ಅದು ಇಲ್ಲ. ನಾವು ಹಳೆಯ ಸರಳ ದಾರಿಯನ್ನೇ ಹಿಡಿದೆವು. ಬಿಟ್ ಏರಿದ್ದರೆ ಮಾತ್ರ ಮುಟ್ಟು. ಮುಟ್ಟುವ ಆ ಕೆಲವು ಸೈಕಲ್ ಇಂಟರಪ್ಟ್ ತಡೆಹಿಡಿ, ಪದ ಪೂರ್ತಿ ಎತ್ತಿಕೊಂಡು ಸೊನ್ನೆ ಮಾಡು, ಮತ್ತೆ ಬಿಡು. ಬೆರಳಿನ ಬೋರ್ಡ್ ಈ ಸಲ ಒಂದು ಲಕ್ಷ ಸಲ ಒತ್ತಿತು. ಒಂದೂ ಕಳೆಯಲಿಲ್ಲ.

ಹಿಂತಿರುಗಿ ನೋಡಿದಾಗ

ಮೂರೂ ತೊಂದರೆಗಳಲ್ಲಿ ನನಗೆ ಕಂಡದ್ದು ಒಂದೇ. ಜಾಗ ಉಳಿಸಿದ ಪ್ರತಿ ಕಡೆ ನಾವು ಏನನ್ನೋ ಹಂಚಿಕೊಳ್ಳುವಂತೆ ಮಾಡಿದ್ದೆವು. ಸ್ಟ್ಯಾಕ್ ಚಿಕ್ಕದು ಮಾಡಿದಾಗ ಅದು ಪಕ್ಕದವರ ಜಾಗಕ್ಕೆ ಕಾಲು ಚಾಚಿತು. ಒಂದೇ ಕ್ಯೂ ಮಾಡಿದಾಗ ತಕ್ಕಡಿ ಕೀಪ್ಯಾಡಿನ ಜಾಗ ತಿಂದಿತು. ಒಂದೇ ಪದ ಮಾಡಿದಾಗ ಲೂಪು ಇಂಟರಪ್ಟಿನ ಬಿಟ್ ಅಳಿಸಿತು. ಬದಲಾಗದ್ದನ್ನು ಫ್ಲ್ಯಾಶಿಗೆ ಕಳಿಸಿದ್ದರಲ್ಲಿ ಮಾತ್ರ ಯಾವ ತೊಂದರೆಯೂ ಬರಲಿಲ್ಲ, ಅಲ್ಲಿ ಬರೆಯುವವರೇ ಯಾರೂ ಇಲ್ಲ. ಈಗ ಯಾವ ಸ್ಟ್ರಕ್ಚರ್ ಚಿಕ್ಕದು ಮಾಡಿದರೂ ನಾವು ಕೇಳುವ ಮೊದಲ ಪ್ರಶ್ನೆ: ಇದನ್ನು ಯಾರು ಯಾರು ಬರೆಯುತ್ತಾರೆ? ಎಷ್ಟು ಉಳಿಯಿತು ಅನ್ನುವುದು ಆಮೇಲೆ.

ಎಲ್ಲಿ ನಿಲ್ಲಿಸಬೇಕು ಅನ್ನುವ ಚರ್ಚೆಯೂ ಆಯಿತು. ಫ್ಯಾಟು, ಎಸ್‌ಎನ್‌ಎಫ್ ಎರಡನ್ನೂ 12 ಬಿಟ್ಟಿಗೆ ಒತ್ತಿ ಇನ್ನೊಂದು ಬೈಟ್ ಉಳಿಸಬಹುದಿತ್ತು. ಬೇಡ ಅಂದೆವು. ಆ ಒಂದು ಬೈಟಿಗಾಗಿ ಮುಂದೆ ಕೋಡ್ ಓದುವವರು ಅರ್ಧ ದಿನ ತಲೆ ಕೆಡಿಸಿಕೊಳ್ಳಬೇಕು. ಬದಲಿಗೆ ಈವೆಂಟ್ ಎಂಟೇ ಬೈಟ್ ಇರಬೇಕು ಅಂತ ಕೋಡಿನಲ್ಲೇ ಒಂದು ಸ್ಟ್ಯಾಟಿಕ್ ಅಸರ್ಟ್ ಹಾಕಿದೆವು. ಯಾರಾದರೂ ಮರೆತು ನಡುವೆ ಒಂದು ಬೈಟ್ ಸೇರಿಸಿದರೆ ಕಂಪೈಲೇ ಆಗುವುದಿಲ್ಲ.

ಪರದೆಯ ಮೇಲೆ ನಂಬರಿನ ಜೊತೆಗೆ ಹೆಸರನ್ನೂ ಈಗ ತೋರಿಸುತ್ತೇವೆ. ಇದನ್ನು ಕೇಳಿದ್ದು ಆ ಸೆಕ್ರೆಟರಿಯೇ. ಕೋಡ್ ಎಷ್ಟೇ ಸರಿಯಿದ್ದರೂ ಬೆರಳು ತಪ್ಪುವ ದಿನ ಇರುತ್ತದೆ, ಆಗ ಕಣ್ಣಿಗೆ ಹೆಸರು ಬೀಳಬೇಕು ಅಂದರು. ಉಳಿದ ರ್ಯಾಮಿನಲ್ಲಿ ಸ್ಟ್ಯಾಕ್ 3,072ಕ್ಕೆ ಏರಿತು, ಸದಸ್ಯರ ಪಟ್ಟಿ 300ರಿಂದ 500 ಆಯಿತು. ಪ್ರಿಂಟರಿನ ವೇಗವನ್ನು ಸೆಕೆಂಡಿಗೆ 9,600 ಬಿಟ್‌ನಿಂದ 1,15,200ಕ್ಕೆ ಏರಿಸಿದ್ದರಿಂದ ಒಂದು ಸಾಲು ಚಿತ್ರ ಒಂದೂವರೆ ಸೆಕೆಂಡಿನ ಬದಲು ಕಾಲು ಸೆಕೆಂಡಿಗೂ ಮುಂಚೆ ಹೋಗುತ್ತದೆ.

ಕಳೆದ ತಿಂಗಳು ಒಂದು ಡೇರಿಯವರು ಎಮ್ಮೆ ಹಾಲಿಗೆ ಬೇರೆ ತಕ್ಕಡಿ ಬೇಕು ಅಂದರು. ಮೊದಲಿನ ಕೋಡಿನಲ್ಲಿ ಐದನೇ ಡಿವೈಸ್ ಅಂದರೆ 2,272 ಬೈಟ್, ಅಂದರೆ ಆಗುವುದಿಲ್ಲ ಅಂತಲೇ ಉತ್ತರ. ಹೊಸ ಹುಡುಗಿ, ಈಗ ಹೊಸಬಳಲ್ಲ, ಮಧ್ಯಾಹ್ನ ಊಟ ಆದಮೇಲೆ ಕೂತು ಸಂಜೆ ಟೀಗೆ ಎದ್ದಳು. ರ್ಯಾಮಿನಲ್ಲಿ ಹನ್ನೆರಡು ಬೈಟ್ ಹಿಡಿಯಿತು. ಬೆರಳಿನ ಬೋರ್ಡು ಆ ರಾತ್ರಿ ಮತ್ತೆ ಒಂದು ಲಕ್ಷ ಸಲ ಒತ್ತಿತು.